ಹೆಸರು ಕೆರೆದ ರೆಕಾರ್ಡುಗಳು

ಬರಾಂಕಿಯಾ,
ಕಾರ್ನಿವಲ್ ಮುಗಿದ ಮಾರನೆಯ ದಿನ

ಪ್ರೀತಿಯ ಎಲಿಯೆಸೆರ್,

ಗಡಿಯಾಚೆ ಮರಾಕೈಬೋದಲ್ಲಿ ನಿನ್ನ ಕೆಲಸ ಈ ಕಾರ್ನಿವಲ್‌ಗೂ ಮುಗೀಲಿಲ್ಲ ಅಂತ ಬರೆದಿದ್ದೀಯ. ಇರಲಿ.

ನಿನ್ನ ರೆಕಾರ್ಡುಗಳು ಚೆನ್ನಾಗಿವೆ. ತಗಡಿನ ಮಾಡಿನ ಕಾವಿಗೆ ಸೊಟ್ಟಗಾಗದೆ ಇರಲಿ ಅಂತ, ಪೆಟ್ಟಿಗೆಗಳಲ್ಲಿ ನೆಟ್ಟಗೆ ನಿಲ್ಲಿಸಿ, ಮಂಚದಲ್ಲಿ ನೀನು ಮಲಗ್ತಿದ್ದ ಕಡೆ ಇಟ್ಟಿದ್ದೀನಿ. ಮನೇಲಿ ತಂಪಿರೋದು ಅಲ್ಲೇ. ಹಳೇ ಅರಗಿನ ರೆಕಾರ್ಡುಗಳನ್ನ ಸ್ಪಿರಿಟ್ ಹಾಕಿ ಒರೆಸಿದರೆ ಕರಗಿಹೋಗ್ತವೆ ಅಂದಿದ್ದೆಯಲ್ಲ, ಅವನ್ನ ಒಣಬಟ್ಟೆಯಲ್ಲೇ ಒರೆಸ್ತೀನಿ.

ನಮ್ಮ ಹಾಗೇ ಬೀದಿ ಕುಣಿತಕ್ಕೆ ಸ್ಪೀಕರ್ ಕಟ್ಟೋ ಫುಲ್ಹೆನ್ಸಿಯೊ ಬಂದಿದ್ದ. ಎಲ್ಲಾ ಮಾರಿಬಿಡು ಅಂದ. ಆಗಲ್ಲ ಅಂದೆ.

"ಯಾವ ಹಾಡು ಅಂತ ನನಗೆ ಗೊತ್ತಾಗಬಾರದು ಅಂತ ನಿನ್ನ ಗಂಡ ಲೇಬಲ್ಲೆಲ್ಲ ಕೆರೆದುಹಾಕಿದ. ಈಗ ನಿನಗಾದರೂ ಗೊತ್ತಾಗುತ್ತಾ ಅಕ್ಕಾ?" ಅಂತ ಹಲ್ಲು ಕಿರಿದ. ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕ್ಕೊಂಡೆ.

ಆದರೆ ಅವನು ಹೇಳಿದ್ದು ನಿಜ ಕಣೋ. ನಾವಿಬ್ಬರೂ ಮೊದಲ ಸಲ ಕುಣಿದ ಹಾಡು ಸಿಗ್ತಾನೇ ಇಲ್ಲ. ಅಂಚಲ್ಲಿ ನೀನು ಇಟ್ಟಿರೋ ಬಣ್ಣದ ಚುಕ್ಕೆಗಳ ಗುಟ್ಟು ನಿನಗೊಬ್ಬನಿಗೇ ಗೊತ್ತು. ಸಂಜೆ ಹೊತ್ತು ಒಂದೊಂದೇ ಹಾಕಿ ಕೇಳ್ತೀನಿ. "ಸೂಜಿ ಸವೆಯುತ್ತೆ ಕಣೇ" ಅಂತ ನೀನು ಬೈದ ಹಾಗಾಗುತ್ತೆ, ತೆಗೆದಿಡ್ತೀನಿ.

ನಮ್ಮ ಆ ಹಾಡಿಗೆ ಯಾವ ಬಣ್ಣದ ಚುಕ್ಕೆ ಇಟ್ಟಿದ್ದೀಯ ಹೇಳು. ಪತ್ರದಲ್ಲಿ ಮಾತ್ರ ಬರೀಬೇಡ. ಇಲ್ಲಿಗೆ ಬರೋ ಪತ್ರ ತರುವ ಅಂಚೆಯವನು ಫುಲ್ಹೆನ್ಸಿಯೊನ ಭಾಮೈದ, ಒಡೆದು ಓದ್ತಾನೆ.

ನೀನೇ ಬಂದು ಬೆರಳಿಟ್ಟು ತೋರಿಸು.

ನಿನ್ನ
ನಿಡಿಯಾ