ಎರಡನೇ ಹಾಳೆ

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಕಾಂಪೌಂಡರ್ ಸಾಹೇಬರಿಗೆ,

ತಕ್ಕಡಿಯ ನಮಸ್ಕಾರಗಳು. ನೀನಿಟ್ಟ ಹೆಸರಿನಿಂದಲೇ ಶುರು ಮಾಡಿದ್ದೇನೆ. ನನ್ನನ್ನು ಹಾಗೆ ಕರೆಯುವವರು ಈ ಊರಿನಲ್ಲಿ ಈಗ ಯಾರೂ ಉಳಿದಿಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿದವನಿಗೆ ಇನ್ನೇನು ಹೆಸರು ಸಿಕ್ಕೀತು ಹೇಳು.

ನಿನ್ನ ಜನವರಿಯ ಪತ್ರಕ್ಕೆ ಮಾರ್ಚ್‌ನಲ್ಲಿ ಉತ್ತರ ಬರೆಯುತ್ತಿದ್ದೇನೆ. ಬೈಯಬೇಡ. ಕಾಗದ ಹಿಡಿದು ಕೂತದ್ದು ಇದು ನಾಲ್ಕನೇ ಸಲ. ಮೊನ್ನೆ ನನ್ನವಳು ಹೆಗಲ ಮೇಲಿಂದ ಇಣುಕಿ, "ಮೂರು ದಿನದಿಂದ 'ನಾವು ಕ್ಷೇಮ' ಅಂತ ಒಂದೇ ಸಾಲು ಬರ್ಕೊಂಡು ಕೂತಿದೀರಲ್ಲ, ಅಷ್ಟೊಂದು ಕ್ಷೇಮಾನಾ?" ಎಂದು ಕೇಳಿದಳು. ಅವಳ ಬಾಯಿ ಇನ್ನೂ ಹಾಗೇ ಇದೆ. ಮೊಣಕಾಲು ಮಾತ್ರ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ. ನನಗೆ ಎಡಗಣ್ಣಿನ ಪೊರೆ ತೆಗೆಸಿದ್ದಾಯಿತು. ಕಿವಿ ಚೆನ್ನಾಗಿದೆ. ನಮ್ಮಂಥವರಿಗೆ ಅದೊಂದು ಉಳಿದರೆ ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಾಹಿತ್ಯ ಸಂಗೀತ ಸಂಘಕ್ಕೆ ಐವತ್ತು ವರ್ಷವಾಗುತ್ತಿದೆ. ಮುಂದಿನ ತಿಂಗಳ ಹತ್ತನೇ ತಾರೀಕು, ಅದೇ ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಸಮಾರಂಭ. ಈಗಿನ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರಮ್ಮ. ಬಹಳ ಚುರುಕು. ಆಕೆಯ ಎದುರು ಬಾಯಿ ತೆರೆಯಲು ಸಮಿತಿಯವರಿಗೆಲ್ಲ ಭಯ. ಆಕೆ ನನ್ನ ಮನೆಗೆ ಬಂದು ನೀನು ಕಳಿಸಿದ ಕಾರ್ಡನ್ನು ಮೇಜಿನ ಮೇಲಿಟ್ಟರು. 'ಒಂಬತ್ತನೇ ವಾರ್ಡು' ಪದ್ಯವನ್ನು ನೀನೇ ಬಂದು ಓದಬೇಕೆಂದು ಅವರು ಕೇಳಿದ್ದರು. ನೀನು ಬರೆದದ್ದು ಒಂದೇ ಮಾತು: "ಆ ಪದ್ಯವನ್ನು ಮುಗಿಸಿದ್ದು ಸಭೆ. ಸಭೆಯೇ ಓದಿಕೊಳ್ಳಲಿ."

"ಏನ್ ಸಾರ್ ಇದು, ತಮಾಷೆನಾ, ಸಿಟ್ಟಾ?" ಎಂದು ಕೇಳಿದರು ಡಾಕ್ಟರಮ್ಮ.

"ಎರಡೂ ಇರಬೇಕಮ್ಮ" ಎಂದೆ.

"ನೀವು ಅವರ ಹಳೇ ಸ್ನೇಹಿತರಂತೆ. ಒಂದು ಮಾತು ಹೇಳಿ, ಬರ್ತಾರೆ."

ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಅವರು ಹೋದ ಮೇಲೆ ನಿನ್ನ ಕಾರ್ಡನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ. ಅದರಲ್ಲಿ ಒಂದು ತಪ್ಪಿದೆ. ಅದು ನಿನ್ನ ತಪ್ಪಲ್ಲ. ಅದನ್ನು ತಿದ್ದಲೆಂದೇ ಈ ಪತ್ರ.

ಆದರೆ ಅದಕ್ಕೆ ಮೊದಲು ಆ ಹಾಲನ್ನು ಒಂದು ಸುತ್ತು ನೋಡಿ ಬರೋಣ. ಹೋದ ವಾರ ನಾನೊಬ್ಬನೇ ಹೋಗಿದ್ದೆ. ಮರದ ಮಡಚುವ ಕುರ್ಚಿಗಳು ಹೋಗಿ ಮೆತ್ತನೆಯ ಸೀಟು ಬಂದಿವೆ. ಕೂತವರು ಅಲುಗಾಡಿದರೂ ಸದ್ದಾಗುವುದಿಲ್ಲ. ನಮ್ಮ ಕಾಲದಲ್ಲಿ ಆ ಕುರ್ಚಿಗಳೇ ವಿಮರ್ಶಕರು, ನೆನಪಿದೆಯಾ? ಭಾಷಣ ಬೇಸರವಾದರೆ ಇನ್ನೂರು ಕುರ್ಚಿ ಒಟ್ಟಿಗೆ ಕಿರುಗುಟ್ಟುತ್ತಿದ್ದವು. ಹಾಡುವವರು ನಿಜವಾಗಿ ಹಾಡತೊಡಗಿದರೆ ಒಂದೂ ಉಸಿರೆತ್ತುತ್ತಿರಲಿಲ್ಲ. ಎರಡನೇ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಟೀಚರಮ್ಮ ಇದ್ದರಲ್ಲ, ಅವರ ಕಡ್ಡಿ ನಿಂತರೆ "ಈಗ ಕೇಳೋ, ಚೆನ್ನಾಗಿರೋದು ಬಂತು" ಎಂದು ನೀನು ನನ್ನ ಪಕ್ಕೆ ತಿವಿಯುತ್ತಿದ್ದೆ. ಹಿಂದಿನ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ ವಕೀಲರು ಕಾರ್ಯಕ್ರಮ ಮುಗಿದ ಕ್ಷಣಕ್ಕೆ ಎದ್ದು, ಎಲ್ಲರಿಗಿಂತ ಜೋರಾಗಿ "ಭೇಷ್" ಎನ್ನುತ್ತಿದ್ದರು. ವಿರಾಮದಲ್ಲಿ ಟೀ ಸಿಗುತ್ತಿದ್ದುದು ಮೆಟ್ಟಿಲ ಕೆಳಗೆ. ಟೀ ಆರಿದರೂ ನಮ್ಮ ಜಗಳ ಆರುತ್ತಿರಲಿಲ್ಲ.

ಆ ಟೀಯವನೇ ನನಗೆ 'ಚಪ್ಪಾಳೆ ಮಾಸ್ತರ' ಎಂದು ಎರಡನೇ ಹೆಸರಿಟ್ಟದ್ದು. ಅದು ಹೇಗೆ ಶುರುವಾಯಿತು ಎಂದು ನಿನಗೆ ಗೊತ್ತು. ವಾದ್ಯ ಎಲ್ಲಿ ಮುಗಿಯಿತು ಎಂದು ಅರ್ಧ ಸಭೆಗೆ ತಿಳಿಯುತ್ತಿರಲಿಲ್ಲ. ನಡುವೆ ತಟ್ಟಿ ಪೆಚ್ಚಾದವರೇ ಹೆಚ್ಚು. ನಾನು ತೂಕ ನೋಡುವವನು, ಮುಳ್ಳು ನಿಲ್ಲುವವರೆಗೆ ಕಾಯುವುದು ನನ್ನ ಕಸುಬು. ಪಿಟೀಲಿನ ಕಮಾನು ತಂತಿ ಬಿಟ್ಟರೆ ಸಾಲದು, ನುಡಿಸುವವರ ಮೊಣಕೈ ಇಳಿಯಬೇಕು. ಕವಿ ಮಾತು ನಿಲ್ಲಿಸಿದರೆ ಸಾಲದು, ಕೈಯ ಹಾಳೆ ಕೆಳಗೆ ಬರಬೇಕು. ಇಷ್ಟೇ ನನ್ನ ವಿದ್ಯೆ. ಎರಡು ಮೂರು ವರ್ಷದಲ್ಲಿ ಇಡೀ ಸಭೆ ಮೂರನೇ ಸಾಲಿನ ನನ್ನ ಕೈ ನೋಡಿಕೊಂಡು ತಟ್ಟುವ ಹಾಗಾಯಿತು. "ನೀನು ಕೈ ಎತ್ತದಿದ್ರೆ ಇವರು ಬೆಳಗಿನ ತನಕ ಹಾಗೇ ಕೂತಿರ್ತಾರೆ ಕಣೋ" ಎಂದು ನೀನು ನಗುತ್ತಿದ್ದೆ.

ಹಾಲಿನ ಗೋಡೆಯ ಮೇಲೆ ಆ ಪಿಟೀಲಿನ ಮುದುಕರ ಫೋಟೋ ಹಾಕಿದ್ದಾರೆ. ಅವರ ಕೊನೆಯ ಕಛೇರಿಯನ್ನು ಕೇಳಿದವರು ಈಗಲೂ ಅದನ್ನು ಕೇಳಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅದನ್ನು ನಾವಿಬ್ಬರೂ ತಪ್ಪಿಸಿಕೊಂಡೆವು ಎಂದೇ ನಾವು ಮೂವತ್ತೆರಡು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇವೆ. ಅದು ನಿನ್ನ ತಾಯಿ ಹಾಲಿನ ಎದುರಿನ ಆಸ್ಪತ್ರೆಯ ಒಂಬತ್ತನೇ ವಾರ್ಡಿನಲ್ಲಿ ತೀರಿಕೊಂಡ ಸಂಜೆ.

ಅದಾಗಿ ಒಂದು ವರ್ಷಕ್ಕೆ ನೀನು 'ಒಂಬತ್ತನೇ ವಾರ್ಡು' ಬರೆದೆ. ಡಾಕ್ಟರ ಚೀಟಿ ಓದಿ ಓದಿ ನಿನ್ನ ಅಕ್ಷರವೂ ಕೆಟ್ಟುಹೋಗಿತ್ತು. ಹಾಗಾಗಿ ನಿನ್ನ ಪದ್ಯಗಳನ್ನೆಲ್ಲ ಕಾರ್ಬನ್ ಇಟ್ಟು ಶುದ್ಧಪ್ರತಿ ಮಾಡುತ್ತಿದ್ದವನು ನಾನು. ಇದನ್ನೂ ಮಾಡಿದೆ. ಎರಡು ಹಾಳೆಯಾಯಿತು. ಎರಡನೇ ಹಾಳೆಯಲ್ಲಿ ಹನ್ನೊಂದು ಸಾಲು.

ಆ ಸಂಜೆ ಹಾಲು ತುಂಬಿತ್ತು. ದೀಪ ನಿನ್ನ ಮುಖಕ್ಕೆ ಹೊಡೆಯುತ್ತಿತ್ತು, ನಿನಗೆ ಸಭೆ ಕಾಣುತ್ತಿರಲಿಲ್ಲ. ನನಗೆ ನೀನು ಪೂರ್ತಿ ಕಾಣುತ್ತಿದ್ದೆ. ಮೊದಲ ಹಾಳೆಯ ಕೊನೆಗೆ ಬಂದೆ. "ಕಿಟಕಿಯಾಚೆ, ಎದುರಿನ ಸಭಾಂಗಣದ ದೀಪ ಹತ್ತಿತು" ಎಂದು ಓದಿ ನಿಲ್ಲಿಸಿದೆ. ಟೀಚರಮ್ಮನ ಕಡ್ಡಿ ನಿಂತೇ ಎಷ್ಟೋ ಹೊತ್ತಾಗಿತ್ತು. ಒಂದು ಕುರ್ಚಿಯೂ ಕಿರುಗುಟ್ಟಲಿಲ್ಲ. ಏಳು ಸೆಕೆಂಡು. ನಾನು ಎಣಿಸಿದ್ದೇನೆ. ನಿನ್ನ ಹೆಬ್ಬೆರಳು ಎರಡನೇ ಹಾಳೆಯ ಅಂಚಿನ ಮೇಲಿತ್ತು. ಹಾಳೆ ಕೆಳಗೆ ಬಂದಿರಲಿಲ್ಲ. ಆಗ ಚಪ್ಪಾಳೆ ಬಿತ್ತು. ಇಡೀ ಹಾಲು ಎದ್ದು ನಿಂತಿತು. ವಕೀಲರೂ ಎಚ್ಚರವಾಗಿ "ಭೇಷ್" ಎಂದರು. ನೀನು ಒಂದು ಗಳಿಗೆ ಹಾಳೆ ನೋಡಿದೆ, ಸಭೆಯ ಕಡೆ ನೋಡಿದೆ, ಎರಡನ್ನೂ ಮಡಚಿ ಜೇಬಿಗಿಟ್ಟು ಕೈಮುಗಿದೆ.

ಮೆಟ್ಟಿಲ ಕೆಳಗೆ ಟೀ ಹಿಡಿದುಕೊಂಡು, "ಯಾರೋ ಮೊದಲು ತಟ್ಟಿದ್ದು?" ಎಂದು ನೀನು ಕೇಳಿದೆ.

"ಸಭೆ ಕಣೋ. ಎಲ್ಲರೂ ಒಟ್ಟಿಗೆ" ಎಂದೆ ನಾನು.

"ಹೌದಾ..." ಎಂದು ನೀನು ಟೀ ಲೋಟ ಕೆಳಗಿಟ್ಟೆ. ಆಮೇಲೆ, "ಅಷ್ಟು ಜನಕ್ಕೆ ಒಟ್ಟಿಗೆ ಅನ್ನಿಸಿದ್ರೆ ಅದು ಅಲ್ಲೇ ಮುಗಿದಿರಬೇಕು ಬಿಡು. ಉಳಿದದ್ದು ನನ್ನ ಮಾತು ಜಾಸ್ತಿ" ಎಂದೆ.

ಪುಸ್ತಕದಲ್ಲೂ ಹಾಗೇ ಅಚ್ಚು ಹಾಕಿಸಿದೆ. 'ಮುಗಿಸದೆ ಮುಗಿಸುವ ಕಲೆ' ಎಂದು ಪತ್ರಿಕೆಯವರು ಹೊಗಳಿದರು. ನೀನು ಆ ಪತ್ರಿಕೆಯ ತುಣುಕನ್ನು ನನಗೆ ತೋರಿಸಿ ನಕ್ಕೆ, ಆದರೆ ಆಮೇಲೆ ವೇದಿಕೆ ಹತ್ತಲಿಲ್ಲ. ವರ್ಷ ಕಳೆದ ಹಾಗೆ ಬರೆಯುವುದನ್ನೂ ಬಿಟ್ಟೆ. ಆಮೇಲೆ ನಿನಗೆ ವರ್ಗವಾಯಿತು. ಕೇಳಿದವರಿಗೆಲ್ಲ, "ನಾನೆಲ್ಲಿ ನಿಲ್ಲಿಸ್ಬೇಕು ಅಂತ ನನಗಿಂತ ಚೆನ್ನಾಗಿ ಜನಕ್ಕೆ ಗೊತ್ತು" ಎನ್ನುತ್ತಿದ್ದೆ.

ಸಭೆ ತಟ್ಟಿದ್ದಲ್ಲ ಕಣೋ. ನಾನು ತಟ್ಟಿದ್ದು. ನನ್ನ ಕೈ ನೋಡಿ ಅವರು ತಟ್ಟಿದರು. ನಿನಗೆ ಅನುಮಾನ ಬಂದಿರಲಿಲ್ಲವೆಂದು ನಾನು ನಂಬುವುದಿಲ್ಲ. ಬಂದಿದ್ದರೂ ನೀನು ಮತ್ತೆ ಕೇಳಲಿಲ್ಲ. ನಿನ್ನ ಗಂಟಲು ಕಟ್ಟಿತು, ಇವನಿಂದ ಮುಂದೆ ಓದಲಾಗದು, ಜನರ ಎದುರು ಅತ್ತುಬಿಡುತ್ತಾನೆ ಎಂದು ಆವತ್ತು ನನಗೆ ಅನ್ನಿಸಿತು. ನಿನ್ನನ್ನು ಕಾಪಾಡಲು ಹೋಗಿ ನಿನ್ನ ಪದ್ಯವನ್ನೇ ಕತ್ತರಿಸಿದೆ.

ಅದಕ್ಕೇ ಹೇಳುತ್ತೇನೆ, ಹತ್ತನೇ ತಾರೀಕು ಬಾ. ಎರಡೂ ಹಾಳೆ ಓದು. ನೀನು ಆವತ್ತೇ ಎರಡನೆಯದನ್ನು ಹರಿದು ಹಾಕಿದೆ ಎಂದು ಅತ್ತಿಗೆ ಹೇಳಿದ್ದರು. ನನ್ನ ಹತ್ತಿರ ಕಾರ್ಬನ್ ಪ್ರತಿ ಇದೆ. ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ಸ್ವಲ್ಪ ಮಸುಕಾಗಿದೆ, ಓದಲು ಬರುತ್ತದೆ.

ಬಂದರೆ ನಮ್ಮ ಮನೆಯಲ್ಲೇ ಉಳಿಯಬೇಕು. "ಕಾಂಪೌಂಡರಣ್ಣ ಬರ್ತಾರೆ ಅಂದ್ರೆ ಮೇಲಿನ ರೂಮು ನಾನೇ ಗುಡಿಸ್ತೀನಿ, ಮೊಣಕಾಲು ಏನಾದ್ರೂ ಆಗಲಿ" ಎಂದು ನನ್ನವಳು ಹೇಳಿದ್ದಾಳೆ. ಅತ್ತಿಗೆಗೆ ನನ್ನ ನಮಸ್ಕಾರ. ಮಗಳಿಗೂ ಅಳಿಯನಿಗೂ ಆಶೀರ್ವಾದ. ಮೊಮ್ಮಗಳಿಗೆ ಪಾಠ ಶುರುವಾಗಿದೆಯಂತೆ, ಯಾವ ವಾದ್ಯ ಎಂದು ನೀನು ಬರೆಯಲಿಲ್ಲ. ಯಾವುದಾದರೂ ಆಗಲಿ, ಅವಳ ಕೈ ಅದಕ್ಕೆ ಒಲಿಯಲಿ.

ಎಂದೆಂದಿಗೂ ನಿನ್ನ,
ತಕ್ಕಡಿ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿ, ಗೋಂದು ಹಚ್ಚುವ ಮೊದಲು ಮತ್ತೆ ಹೊರಗೆ ತೆಗೆದೆ. ಮೇಲೆ ಬರೆದದ್ದರಲ್ಲಿ ತೂಕ ಕಡಿಮೆ ಇದೆ.

ನಿನ್ನ ಗಂಟಲು ಕಟ್ಟಿತೆಂದು ತಟ್ಟಿದೆ ಎಂದೆ. ಅದಲ್ಲ. ಮುಂದೆ ಬರುವ ಸಾಲು ನನಗೆ ಬಾಯಿಪಾಠವಾಗಿತ್ತು. "ನಾನು ತಲುಪದ ಗಳಿಗೆಯಲ್ಲಿ ಅವಳ ಕೈಯಲ್ಲಿದ್ದ ಕೈ ನನ್ನದಲ್ಲ, ಆದರೂ ನನ್ನದೇ." ಆಮೇಲೆ ನನ್ನ ಅಡ್ಡಹೆಸರು. ಹನ್ನೊಂದು ಸಾಲೂ ನನಗೆ ಹೇಳಿದ ಕೃತಜ್ಞತೆ. ಅದನ್ನು ಇನ್ನೂರು ಜನರ ನಡುವೆ ಕೂತು ಕೇಳುವ ಧೈರ್ಯ ನನಗಿರಲಿಲ್ಲ.

ಅಮ್ಮ ಹೋದ ಆ ಸಂಜೆ ನಿನಗೆ ಊರಾಚೆಯ ದವಾಖಾನೆಯಲ್ಲಿ ಡ್ಯೂಟಿ, ಎಂಟಕ್ಕೆ ಮೊದಲು ಬರುವಂತಿರಲಿಲ್ಲ. ಆರರಿಂದ ಎಂಟರವರೆಗೆ ಅಮ್ಮನ ಹತ್ತಿರ ಕೂತಿರುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಆರಕ್ಕೆ ಹೋದೆ. ಅವರು ನಿದ್ದೆಯಲ್ಲಿದ್ದರು. "ಇನ್ನು ಎಂಟರ ತನಕ ಏಳಲ್ಲ" ಎಂದು ನರ್ಸಮ್ಮ ಹೇಳಿದರು. ಕಿಟಕಿಯಲ್ಲಿ ಎದುರಿನ ಹಾಲಿನ ದೀಪ ಹತ್ತಿತು. ಇವತ್ತು ಪಿಟೀಲು, ರಸ್ತೆ ದಾಟಿದರೆ ಸಾಕು, ಅರ್ಧ ಗಂಟೆ ಕೇಳಿ ಬರೋಣ ಎಂದುಕೊಂಡೆ. ಆರೂವರೆಗೆ ಏಳಬೇಕಿತ್ತು, ಏಳಲಿಲ್ಲ. ಆ ಮುದುಕರು ಆಗ ನುಡಿಸತೊಡಗಿದ್ದನ್ನು ನಾನು ಮತ್ತೆಂದೂ ಕೇಳಿಲ್ಲ. ಅವರ ಕಮಾನು ತಂತಿ ಬಿಟ್ಟಿತು, ಮೊಣಕೈ ಇಳಿಯಲೇ ಇಲ್ಲ. ನಾನು ಕಾದೆ. ಮೊಣಕೈ ಇಳಿದ ಮೇಲೆ ಮೊದಲ ಚಪ್ಪಾಳೆ ನನ್ನದೇ. ಗಡಿಯಾರ ನೋಡಿದಾಗ ಏಳೂವರೆ.

ನಾನು ವಾರ್ಡಿಗೆ ಬಂದಾಗ ಅವರ ಉಸಿರು ನಿಂತು ಹತ್ತು ನಿಮಿಷವಾಗಿತ್ತು. ನರ್ಸಮ್ಮ, "ಎಚ್ಚರ ಆಗಿತ್ತು. ನೀರು ಕೇಳಿದ್ರು. 'ತಕ್ಕಡಿ ಬಂದಿದ್ನಾ' ಅಂತನೂ ಕೇಳಿದ್ರು. ಈಗಷ್ಟೇ ಹೋಗಿಬಿಟ್ರು" ಎಂದರು. ನಾನು ಸ್ಟೂಲಿನ ಮೇಲೆ ಕೂತು ಅವರ ಕೈ ಹಿಡಿದದ್ದು ಆಗ. ಎಂಟಕ್ಕೆ ನೀನು ಬಂದೆ, ಹಾಗೆ ಕೂತಿದ್ದ ನನ್ನನ್ನು ನೋಡಿದೆ. "ನೀನಿದ್ದೆಯಲ್ಲ, ಅಷ್ಟು ಸಾಕು" ಎಂದು ನನ್ನ ತಲೆ ನೇವರಿಸಿದೆ. ಆಗ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ನೀನು ಅದನ್ನು ಪದ್ಯ ಮಾಡಿದ್ದೆ.

ಇನ್ನೊಂದು ಮಾತು, ಬರೆಯಲು ನಾಚಿಕೆಯಾದರೂ ಬರೆಯುತ್ತೇನೆ. ನನ್ನ ಜೀವಮಾನದಲ್ಲಿ ಕೇಳಿದ ಅತ್ಯುತ್ತಮ ಸಂಗೀತ ಅದೇ. ಮೂವತ್ತೆರಡು ವರ್ಷದಲ್ಲಿ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗಲಿಲ್ಲ. ಹೇಳಿಕೊಳ್ಳಬೇಕು ಎನ್ನಿಸಿದ್ದು ನಿನ್ನೊಬ್ಬನ ಹತ್ತಿರ.

ಕಾರ್ಬನ್ ಪ್ರತಿಯಲ್ಲಿ ಆ ಕೈಯ ಸಾಲಿನ ಪಕ್ಕ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದಿದ್ದೇನೆ. ಅದು ನಿಜವಲ್ಲ. ಹೊಡೆದು ಹಾಕು, ಬೇರೆ ಬರೆ, ಅವರು ನೀರು ಕೇಳಿದ್ದನ್ನೇ ಬರೆ. ಆದರೆ ಬಂದು ಓದು. ನಾನು ಮೂರನೇ ಸಾಲಿನಲ್ಲಿ, ನಿನಗೆ ಕಾಣುವ ಹಾಗೆ ಕೂತಿರುತ್ತೇನೆ. ಎರಡನೇ ಹಾಳೆ ಕೆಳಗೆ ಬರುವವರೆಗೂ ನನ್ನ ಕೈಗಳು ತೊಡೆಯ ಮೇಲೇ ಇರುತ್ತವೆ.