ಮೀನಿನ ನೀರಿನ ತುಳಸಿ

ಸುರಪುರ
ವೈಶಾಖ ಬಹುಳ ತ್ರಯೋದಶಿ

ಸೌಭಾಗ್ಯವತಿ ದುರ್ಗಾದೇವಿಗೆ,

ಶ್ರೀಹರಿಯು ನಿನ್ನನ್ನೂ ಬಾಣಂತಿಯಾದ ಮಗಳನ್ನೂ ಹಸುಗೂಸನ್ನೂ ಕಾಪಾಡಲಿ. ನಿನ್ನ ಮೊಣಕಾಲಿನ ನೋವು ಹೇಗಿದೆ? ಕೆಂಭಾವಿಯ ಬಿಸಿಲಿಗೆ ಕೂಸಿನ ಮೈಮೇಲೆ ಬೆವರುಸಾಲೆ ಎದ್ದಿದೆಯೆಂದು ಮಗ ಕಾಂತೇಶ ಹೇಳಿದ, ಎಣ್ಣೆನೀರಿಗೆ ಅವಸರಪಡಬೇಡ. ನಾನು ಇಲ್ಲಿ ಕ್ಷೇಮವೆಂದು ಬರೆಯಬೇಕು. ಆದರೆ ದೇಹಕ್ಕಿರುವ ಕ್ಷೇಮ ಮನಸ್ಸಿಗಿಲ್ಲ. ಹಗಲಿಡೀ ದೇವರಮನೆಗೂ ಹಿತ್ತಿಲಿಗೂ ಅಲೆಯುತ್ತಿದ್ದೇನೆ. ಫೋನಿನಲ್ಲಿ ತಿಳಿಸೋಣವೆಂದರೆ ಹಗಲಲ್ಲಿ ಮನೆಯಲ್ಲಿರುವ ಫೋನು ಸೊಸೆ ರತ್ನಾಬಾಯಿಯದು. ಅವಳ ವಿಷಯವನ್ನು ಅವಳ ಕೈಯಿಂದಲೇ ಫೋನು ಪಡೆದು ಆಡುವುದು ಸಲ್ಲದು. ಆದ್ದರಿಂದ ಈ ಪತ್ರ.

ಹೊರಡುವ ದಿನ ನೀನು ನನ್ನನ್ನು ಹಿತ್ತಿಲ ಗೋಡೆಯ ಬಳಿಗೆ ಕರೆದು, ನೆರೆಮನೆಯ ಲಾಡ್ಲೇಸಾಬನ ಮೀನಿನ ತೊಟ್ಟಿಯಿಂದ ನಮ್ಮ ಕಡೆಗೆ ಬರುವ ಪೈಪನ್ನು ತೋರಿಸಿ, "ನಾ ತಿರುಗಿ ಬರೂದ್ರಾಗ ಇದನ್ನ ಕೀಳಿಸಿರಬೇಕ್ರಿ. ಆಕಿಗೆ ನೀವ ಹೇಳ್ರಿ" ಎಂದಿದ್ದೆ. ಮೀನು ತಿರುಗಾಡಿದ ನೀರು ದೇವರಮನೆಯ ಬೆನ್ನಿಗೇ ಹರಿಯುವುದು ನಿನಗೆ ಸಹ್ಯವಾಗಲಿಲ್ಲ; ನನಗೂ ಆಗಿರಲಿಲ್ಲ. ಹೇಳಲೆಂದು ಹೋಗುತ್ತೇನೆ, ಬಿಸಿಲನ್ನು ಕುರಿತು ಏನೋ ನುಡಿದು ಮರಳುತ್ತೇನೆ. ನಮ್ಮ ಹಿತ್ತಿಲಿನ ಜಲ್ಲಿ ತುಂಬಿದ ಪಾತಿಗಳಲ್ಲಿ ರತ್ನಾ ಪುದೀನ, ಮರುಗ, ಕಾಮಕಸ್ತೂರಿ, ತುಳಸಿಗಳನ್ನು ಬೆಳೆಸಿದ್ದಾಳೆ. ತೊಟ್ಟಿಯ ಕೊಳೆನೀರು ಆ ಬೇರುಗಳಿಗೆ ಆಹಾರವಾಗಿ, ತಿಳಿಯಾಗಿ, ಮತ್ತೆ ತೊಟ್ಟಿಗೇ ಸೇರುತ್ತದೆ. ಪುದೀನ ಯಾದಗಿರಿಯ ಖಾನಾವಳಿಗಳಿಗೂ ಮರುಗ ಶಹಾಪುರದ ಹೂವಾಡಿಗರಿಗೂ ಬೆಳಗಿನ ಬಸ್ಸಿನಲ್ಲಿ ಹೋಗುತ್ತವೆ. ಬಂದಂದಿನಿಂದ ತಲೆತಗ್ಗಿಸಿಯೇ ನಡೆದ ಹುಡುಗಿ ಈಗ ಬುಟ್ಟಿ ಇಡುವ ಜಾಗಕ್ಕಾಗಿ ಕಂಡಕ್ಟರನೊಡನೆ ಜಗಳವಾಡುತ್ತಾಳೆ. ಆ ಜಗಳ ಕಿವಿಗೆ ಬಿದ್ದರೆ ನನಗೆ, ಏಕೋ, ಹಿತವೆನಿಸುತ್ತದೆ.

ನಿನ್ನೆ ದ್ವಾದಶಿ. ಏಕಾದಶಿಯ ಉಪವಾಸದ ಮರುದಿನ ಪಾರಣೆಯ ಹೊತ್ತು ಮೀರಬಾರದೆಂದು ನಸುಕಿನಲ್ಲೇ ಮಿಂದು ಮಡಿಯುಟ್ಟು ಪೂಜೆಗೆ ಅಣಿಯಾಗಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು. ತೊಟ್ಟಿಗೆ ಗಾಳಿಯೂಡುವ ಯಂತ್ರವೂ ನಿಂತಿತು. ಲಾಡ್ಲೇಸಾಬ ಶಹಾಪುರಕ್ಕೆ ಹೋಗಿದ್ದ. ಅವನ ಹೆಂಡತಿ ಚಮನಬೀಗೆ ಮುಂಗೈ ಮುರಿದು ಕಟ್ಟು ಹಾಕಿದೆಯಷ್ಟೆ. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಎತ್ತರದಿಂದ ಸುರಿದ ನೀರು ಗಾಳಿಯನ್ನು ಒಳಗೊಯ್ಯುತ್ತದೆಯಂತೆ. ರತ್ನಾ ಒಬ್ಬಳೇ ಬಕೇಟಿನಿಂದ ಮೊಗೆದು ಮೊಗೆದು ಸುರಿಯುತ್ತಿದ್ದಳು. ನಾನು ಬಾಗಿಲಿಗೆ ಬಂದದ್ದನ್ನು ಕಂಡು, "ಮಾವಾರ, ಮಡ್ಯಾಗ ಇದ್ದೀರಿ, ಈ ಕಡಿ ಬರಬ್ಯಾಡ್ರಿ. ಪಾರಣಿ ಹೊತ್ತು ಮೀರತದ, ಒಳಗ ನಡೀರಿ" ಎಂದಳು.

ಒಳಗೆ ಹೋದೆ. ಸಾಲಿಗ್ರಾಮದ ಮುಂದೆ ಕುಳಿತೆ. ನೀರು ಸುರಿಯುವ ಸದ್ದು ಕೇಳುತ್ತಿರುವವರೆಗೆ ಮಂತ್ರ ನಡೆಯಿತು. ಅವಳ ಕೈ ಸೋತು ಸದ್ದು ನಿಂತಾಗಲೆಲ್ಲ ನಾಲಿಗೆಯೂ ನಿಂತಿತು. ಹೀಗೆಯೇ ಹಲವು ಸಲ ಆಯಿತು. ಕೊನೆಗೆ ಅಭಿಷೇಕದ ತಾಮ್ರದ ಕೊಡವನ್ನೇ ಹಿಡಿದು ಎದ್ದು ಹೋದೆ. ನಾನು ತೊಟ್ಟಿಗೆ ಕೈಯಿಟ್ಟಾಗ ರತ್ನಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಚಮನಬೀ ಮಾತ್ರ ಸುಮ್ಮನಿರುವವಳೆ? "ರಂಗಣ್ಣಾರ, ಇವತ್ತ ನಿಮ್ಮ ದೇವರಿಗಿಂತ ಮೊದಲ ನಮ್ಮ ಮೀನಿಗೆ ಅಭಿಷೇಕ ಆತು ನೋಡ್ರಿ" ಎಂದಳು. ನನಗೂ ನಗು ಬಂದಿತು. ಕರೆಂಟು ಬರುವಷ್ಟರಲ್ಲಿ ಕೆಲವು ಮೀನು ಹೊಟ್ಟೆ ಮೇಲಾಗಿ ತೇಲಿದವು, ಹೆಚ್ಚಿನವು ಉಳಿದವು. ಪಾರಣೆಯ ಹೊತ್ತು ಮೀರಿತ್ತು.

ಅಂದಿನಿಂದ ಗ್ರಂಥಗಳನ್ನು ಹರಡಿಕೊಂಡು ಕುಳಿತಿದ್ದೇನೆ ಎಂದು ಬರೆಯಹೊರಟೆ. ಕಳೆದದ್ದು ಒಂದೇ ದಿನ! ಹುಡುಕಿದಷ್ಟೂ ಮೀನಿನ ನೀರು ಮೈಲಿಗೆಯೆಂಬ, ಅಲ್ಲವೆಂಬ ಎರಡು ಪಕ್ಷಕ್ಕೂ ವಚನಗಳು ದೊರೆಯುತ್ತವೆ. ಕೃಷ್ಣೆಯ ಪುಣ್ಯಸ್ನಾನದಲ್ಲಿ ಮರಿಮೀನುಗಳು ಪಾದಕ್ಕೆ ಮುತ್ತಿ ಕಚಗುಳಿಯಿಟ್ಟವೆಂದು ನೀನು ನಕ್ಕದ್ದುಂಟು. ಅಂದು ನಾವು ಮತ್ತೊಮ್ಮೆ ಮೀಯಲಿಲ್ಲ. ಆ ನೀರನ್ನೇ ಗಿಂಡಿಯಲ್ಲಿ ತುಂಬಿ ಮನೆಗೆ ತಂದೆವು. ಇದು ಯುಕ್ತಿಯೋ ಧರ್ಮವೋ ನಾನರಿಯೆ.

ಮಗಳಿಗೆ ನನ್ನ ಆಶೀರ್ವಾದ. ಕೂಸಿನ ನೆತ್ತಿಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಿರಿಸು. ಪಥ್ಯದ ನೆಪದಲ್ಲಿ ನೀನು ಊಟ ಬಿಡಬೇಡ.

ಇತಿ,
ರಂಗಣ್ಣ

ಮತ್ತೊಂದು ಮಾತು, ಅಂಚೆಗೆ ಹೊತ್ತಾಯಿತು: ಪೈಪು ಕೀಳಬೇಕೆಂದು ರತ್ನಾಳಿಗೆ ನಾನು ಹೇಳಿಲ್ಲ; ಇನ್ನು ಹೇಳುವುದೂ ಇಲ್ಲ. ಇಂದು ದೇವರಿಗೆ ಏರಿಸಿದ ತುಳಸಿ ಅವಳ ಪಾತಿಯದು. "ಅತ್ತಿಯಾರು ಬೈತಾರ್ರಿ" ಎಂದು ಅವಳು ತಡೆದಳು, ನಾನೇ ಕೊಯ್ದೆ. ನಿನಗೆ ಒಪ್ಪಿಗೆಯಾಗದಿದ್ದರೆ ಬಂದ ಮೇಲೆ ನನ್ನ ಊಟದ ಎಲೆಯನ್ನು ಪಡಸಾಲೆಯಲ್ಲಿ ಬೇರೆಯೇ ಹಾಕು. ಪೈಪನ್ನು ಮುಟ್ಟಬೇಡ.