ಮೊದಲ ದೋಣಿ ಹತ್ತಿದ ಕ್ಯಾಪ್ಟನ್

ಶಿವಾಜಿನಗರ, ಪುಣೆ
ಶನಿವಾರ

ಪ್ರಿಯ ಸುದೀಪ,

ಫೋನಿನಲ್ಲಾದರೆ ಬೈದುಬಿಡುತ್ತೇನೆ. ಅದಕ್ಕೇ ಈ ಪತ್ರವನ್ನು ನೀನಿರುವ ಚಾಕಣಕ್ಕೆ ಮರಳುವ ಈರುಳ್ಳಿ ಟೆಂಪೊದವರ ಕೈಲಿ ಕಳಿಸುತ್ತಿದ್ದೇನೆ.

ನೀನು ಬರೆಯುವ ಅಂತರಿಕ್ಷ ಯುದ್ಧದ ಧಾರಾವಾಹಿಯನ್ನು ಪ್ರತಿ ಶನಿವಾರ ಮಧ್ಯಾಹ್ನ ಹೋಟೆಲಿನ ಶಟರ್ ಎಳೆದು ಅಪ್ಪನಿಗೂ ಕೆಲಸದವರಿಗೂ ಓದಿ ಹೇಳುತ್ತೇನಲ್ಲ. ಎಂಜಿನ್ ಒರೆಸುತ್ತ ಮೇಲೆ ಬಂದವನು, ಗಾಯಾಳುಗಳಿದ್ದ ಶತ್ರುನೌಕೆಯನ್ನು ಸುಡಲಾರೆ ಎಂದು ಪದಕಗಳನ್ನೇ ಕಳಚಿಟ್ಟವನು ನಿನ್ನ ಕ್ಯಾಪ್ಟನ್ ದೂಮಣ್ಣ. ಇವತ್ತು ಅವನು ಉರಿಯುವ ನೌಕೆಯಲ್ಲಿ ತನ್ನವರನ್ನೆಲ್ಲ ಬಿಟ್ಟು, ಮೊದಲ ದೋಣಿಯಲ್ಲಿ ತಾನೊಬ್ಬನೇ ಪಾರಾದ! ದೋಸೆ ಹುಯ್ಯುವ ಶೀನಣ್ಣ ಆ ಸಾಲನ್ನು ಇನ್ನೊಮ್ಮೆ ಓದಿಸಿದ.

ಹೋಟೆಲು ಕೊಳ್ಳುವವನಿಗೆ ಅಪ್ಪ ಹಾಕಿದ ಷರತ್ತು ನಿನಗೆ ಗೊತ್ತು: ಹಳೆಯ ಕೆಲಸದವರಲ್ಲಿ ಒಬ್ಬರನ್ನೂ ತೆಗೆಯಬಾರದು. ಓದು ಮುಗಿದದ್ದೇ ಅಪ್ಪ ಅವನಿಗೆ ಫೋನು ಮಾಡಿ ಆ ಷರತ್ತು ಬಿಟ್ಟರು. ನಾನು ಹೌಹಾರಿ ಯಾಕೆಂದು ಕೇಳಿದೆ.

"ಅಂಥ ಮನುಷ್ಯನೇ ಹಾಗೆ ಮಾಡಿದ ಮೇಲೆ ನನ್ನದೆಂತ ಮಾರಾಯ್ತಿ?" ಎಂದರು.

ಸೋಮವಾರ ಮಾರಾಟಪತ್ರಕ್ಕೆ ಸಹಿ. ನಾಳೆ ನಿನಗೆ ರಜೆ, ಬೆಳಗಿನ ಬಸ್ಸಿಗೇ ಬಾ. ದೂಮಣ್ಣ ಯಾಕೆ ಹೋದ ಎಂದು ನೀನೇ ಅಪ್ಪನಿಗೆ ಹೇಳು. ಕಾರಣ ಇಲ್ಲದಿದ್ದರೆ ಬಸ್ಸಿನಲ್ಲಿ ಕುಳಿತು ಹುಟ್ಟಿಸು.

ಪಾತ್ರೆ ತೊಳೆಯುವವರ ಊಟ ಆಗದೆ ಅಪ್ಪ ತಟ್ಟೆ ಮುಟ್ಟಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ಇವತ್ತು ಎಲ್ಲರಿಗಿಂತ ಮೊದಲು ತಾವೇ ಬಡಿಸಿಕೊಂಡು ಕುಳಿತರು. ನಾವೆಲ್ಲ ಸುತ್ತ ನಿಂತು ನೋಡಿದೆವು.

ನಿನ್ನ ಅಕ್ಕ,
ಶ್ರದ್ಧಾ